ಕ್ಲಚ್ ಕೇಬಲ್ ಕಿತ್ತುಹೋದ ಬಂದ್ ದಿನ

ಆಗೆಲ್ಲ ಬಾಣಸವಾಡಿಗೆ ಚಳಿ ಇಳಿಯಿತೆಂದರೆ ಮನೆಮನೆಯ ಜಗಲಿಯಲ್ಲೂ ಅವರೆಕಾಯಿ ಸಿಪ್ಪೆಯ ಗುಡ್ಡೆ. ನಮ್ಮ ಕೈಗೆ ಹತ್ತಿದ ಸೊಗಡು ಶಾಲೆಯ ಪುಸ್ತಕಕ್ಕೂ ಅಂಟುತ್ತಿತ್ತು. ನೆನೆಸಿದ ಕಾಳು ಹಿಸುಕಿ, ಬೇಳೆಯನ್ನು ಒಬ್ಬರ ಮುಖಕ್ಕೊಬ್ಬರು ಚಿಮ್ಮಿಸುವುದೇ ಆಟ. ತೊಂಬತ್ತರ ದಶಕದ ಅಂಥದೊಂದು ಚಳಿಗಾಲದಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಪ್ಪನ ಹಳೇ ಕಾರಿನ ಕ್ಲಚ್ ಕಾಟ ಕೊಡಲು ಶುರುಮಾಡಿತು.

ಮೊದಲು ಗೇರ್ ಹಾಕಿದರೆ ಕರಕರ ಸದ್ದು. ಅಪ್ಪ ಬಾನೆಟ್ ಎತ್ತಿ ಕೇಬಲ್ ತುದಿಯ ನಟ್ಟು ಬಿಗಿ ಮಾಡಿದರು. ಬಿಗಿ ಹೆಚ್ಚಾಗಿ ಇಂಜಿನ್ ಬರೀ ಕೂಗುತ್ತಿತ್ತು, ಕಾರು ಏರು ಹತ್ತುತ್ತಿರಲಿಲ್ಲ. ಸಡಿಲಿಸಿದರೆ ಮತ್ತೆ ಕರಕರ.

"ಪೆಡಲ್ ಒತ್ತಿದ್ರೆ ಮೊದಲು ಚೂರು ಸಡಿಲ ಇರ್ಬೇಕು ಕಣೇ, ಆಮೇಲೆ ಬಿಗಿ ಸಿಗ್ಬೇಕು," ಎಂದು ನನ್ನಿಂದಲೂ ಒತ್ತಿಸಿ ನೋಡುತ್ತಿದ್ದರು. ಕೊನೆಗೆ ನಟ್ಟು ತಿರುಗಲು ಜಾಗವೇ ಉಳಿಯಲಿಲ್ಲ.

ಹಲಸೂರಿನ ಮೆಕ್ಯಾನಿಕ್ ಕಾರಿನ ಕೆಳಗಿಂದಲೇ ಹೇಳಿದ: "ಒಳಗೆ ಎಳೆ ಎಳೆ ಕಿತ್ಕೊಂಡು ಬರ್ತಿದೆ ಸಾರ್. ಇನ್ನು ಅಡ್ಜಸ್ಟ್ ಮಾಡಿ ಪ್ರಯೋಜನ ಇಲ್ಲ. ಈ ಮಾಡೆಲ್ ಕೇಬಲ್ ಸಿಗೋದು ಕಷ್ಟ, ಹೇಳಿಟ್ಟಿದ್ದೀನಿ."

ಕೇಬಲ್ ಬರುವುದಕ್ಕೆ ಮುಂಚೆ ಬಂದ್ ಬಂತು. ಅದೇ ಬೆಳಿಗ್ಗೆ ಪಕ್ಕದ ಮನೆಗೆ ಫೋನು: ಶಿವಾಜಿನಗರದ ಆಸ್ಪತ್ರೆಯಲ್ಲಿದ್ದ ಚಿಕ್ಕಜ್ಜಿಗೆ, ಅಂದರೆ ಅಜ್ಜಿಯ ತಂಗಿಗೆ, ಕಾಯಿಲೆ ಜೋರಾಗಿದೆ, ಬೇಗ ಬನ್ನಿ ಎಂದು. ಬಸ್ಸಿಲ್ಲ, ಆಟೋ ಇಲ್ಲ. ಅಜ್ಜಿಗೆ ಮಂಡಿನೋವು. ಹಿಂದಿನ ದಿನವಷ್ಟೇ ಚಿಕ್ಕಜ್ಜಿ ಹಿಸುಕಿದ ಬೇಳೆ ಸಾರು ಕೇಳಿದ್ದಳಂತೆ. ಅಜ್ಜಿ ಬಿಸಿ ಸಾರು ಕ್ಯಾರಿಯರಿಗೆ ಹಾಕಿಕೊಂಡು ಕಾರಿನಲ್ಲಿ ಕೂತಳು. ಅವಳನ್ನು ಕೈ ಹಿಡಿದು ನಡೆಸಲು ನಾನೂ ಹತ್ತಿದೆ.

ಕುಕ್ ಟೌನಿನಲ್ಲಿ ತಿರುಗುವಾಗ ಟಪ್ ಎಂದಿತು. ಪೆಡಲ್ ನೆಲಕ್ಕೆ ಬಿದ್ದು ಮೇಲೇಳಲಿಲ್ಲ.

"ಏನಾಯ್ತೋ?"

"ಕಿತ್ತೋಯ್ತು ಅವ್ವಾ."

ಇನ್ನು ಇಂಜಿನ್ ಓಡುವಾಗ ಗೇರ್ ಹಾಕುವಂತಿರಲಿಲ್ಲ. ಅಪ್ಪ ಇಂಜಿನ್ ಆರಿಸಿ, ಮೊದಲ ಗೇರಿನಲ್ಲಿಟ್ಟೇ ಚಾವಿ ತಿರುಗಿಸಿದರು. ಕಾರು ಕಪ್ಪೆಯಂತೆ ನೆಗೆದು ಓಡಿತು. ಎಲ್ಲಿಯೂ ನಿಲ್ಲದಿದ್ದರೆ ತಲುಪಬಹುದಿತ್ತು. ಆದರೆ ಮುಂದಿನ ರಸ್ತೆಗೆ ಅಡ್ಡ ಕಲ್ಲಿಟ್ಟು ಹುಡುಗರು ನಿಂತಿದ್ದರು. ಬ್ರೇಕ್ ಒತ್ತಿದೊಡನೆ ಇಂಜಿನ್ ಸತ್ತಿತು. ಎಷ್ಟು ಚಾವಿ ತಿರುಗಿಸಿದರೂ ಬ್ಯಾಟರಿ ನರಳಿತೇ ಹೊರತು ಕಾರು ಕದಲಲಿಲ್ಲ.

"ಬಂದ್ ಅಂತ ಗೊತ್ತಿಲ್ವಾ ಸಾರ್?" ಒಬ್ಬ ಕಿಟಕಿಗೆ ಬಗ್ಗಿದ.

ಅಜ್ಜಿ ಹೇಳಿದಳು, "ನನ್ ತಂಗಿ ಜೀವ ಆಸ್ಪತ್ರೇಲಿ ಹೋಗ್ತಾ ಅದೆ ಕಣಪ್ಪಾ. ಈ ಗಾಡಿ ನೋಡಿದ್ರೆ ಹಿಂಗೆ."

ಅವನು ಅವಳ ಮುಖ ನೋಡಿದ. "ಕಲ್ಲು ಎತ್ರೋ," ಎಂದು ಕೂಗಿ ತಾನೇ ಹಿಂದೆ ಹೋಗಿ ಭುಜ ಕೊಟ್ಟ. ಕ್ಲಚ್ ಇಲ್ಲದ್ದರಿಂದ ಗೇರಿನಲ್ಲಿಟ್ಟೇ ತಳ್ಳಬೇಕಿತ್ತು, ಮಲಗಿದ ಎಮ್ಮೆಯನ್ನು ತಳ್ಳಿದ ಹಾಗೆ. ಏದುಸಿರು ಬಿಡುತ್ತ ಮತ್ತೆ ಮತ್ತೆ ತಳ್ಳಿದರು. ಬಿಸಿಲೇರಿದ ಮೇಲೆ ಇಂಜಿನ್ ಹತ್ತಿಕೊಂಡಿತು. ನಿಲ್ಲಿಸಿ ಒಂದು ಮಾತು ಹೇಳುವ ಹಾಗೂ ಇರಲಿಲ್ಲ. ನಾನು ಹಿಂದಿನ ಗಾಜಿನಿಂದ ಕೈ ಬೀಸಿದೆ.

ಆಸ್ಪತ್ರೆಯಲ್ಲಿ ಚಿಕ್ಕಜ್ಜಿಯ ಕಣ್ಣು ಮುಚ್ಚಿತ್ತು. "ಇಷ್ಟು ಹೊತ್ತು ಅಕ್ಕಾ ಅಕ್ಕಾ ಅಂತಿದ್ರು. ಈಗಷ್ಟೇ ಮಾತು ನಿಂತೋಯ್ತು," ಎಂದರು ನರ್ಸಮ್ಮ. ಅಜ್ಜಿ ಅವಳ ಕೈ ಹಿಡಿದು, "ಬಂದಿದ್ದೀನಿ ಕಣೇ, ನೋಡು," ಎನ್ನುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಚಿಕ್ಕಜ್ಜಿ ಹೋದಳು.

ಹೊರಗಿನ ಬೆಂಚಿನಲ್ಲಿ ಅಪ್ಪ ಕೈಯ ಗ್ರೀಸನ್ನು ಕರ್ಚೀಫಿನಿಂದ ಉಜ್ಜುತ್ತಲೇ ಇದ್ದರು. "ಸ್ವಲ್ಪ ಮುಂಚೆ ಬಂದಿದ್ರೆ ಅವ್ವಾ..." ಎಂದು ಶುರುಮಾಡಿದರು.

"ಬಿಡು. ನೀನೇನ್ ಮಾಡಕಾಯ್ತದೆ," ಎಂದಳು ಅಜ್ಜಿ. ಆರಿದ ಸಾರಿನ ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡು, "ಇನ್ನು ನನ್ನ ಅಕ್ಕಾ ಅನ್ನೋರು ಯಾರೂ ಉಳೀಲಿಲ್ಲ," ಎಂದಳು.

ಆ ಮಾತಿನ ತೂಕ ನನಗಾಗ ತಿಳಿಯಲಿಲ್ಲ. ಅಜ್ಜಿ ಹುಡುಗಿಯಾಗಿದ್ದನ್ನು ಕಣ್ಣಾರೆ ಕಂಡಿದ್ದವಳು ಚಿಕ್ಕಜ್ಜಿ ಒಬ್ಬಳೇ. ಅಜ್ಜಿ ಯಾವ ಕೆರೆಯಲ್ಲಿ ಈಜು ಕಲಿತಳು, ಯಾವುದಕ್ಕೆ ಹಟ ಮಾಡುತ್ತಿದ್ದಳು, ಅವಳ ಜಡೆ ಎಷ್ಟು ಉದ್ದವಿತ್ತು? ಇದನ್ನೆಲ್ಲ ಕೇಳಬೇಕು ಎಂದು ನನಗೆ ಅನಿಸುವ ಹೊತ್ತಿಗೆ ಅಜ್ಜಿಯೂ ಇರಲಿಲ್ಲ.