ಒಂದೇ ಬಣ್ಣದ ಅಂಗಿಗಳು

ಬೆಳಿಗ್ಗೆ ಮಿಷನ್ನಿನ ಮುಂದೆ ಕೂತ ಸಾಬವ್ವ ಮೊದಲು ಹೊಲಿಯುವುದು ಯಾರ ಬಟ್ಟೆಯನ್ನೂ ಅಲ್ಲ. ಒಂದು ಚಿಂದಿಯ ಮೇಲೆ ಗೇಣುದ್ದ ಗೆರೆ ಹೊಲಿದು, ಬಾಗಿಲ ಬೆಳಕಿಗೆ ಹಿಡಿದು, ವಾರೆ ಮಾಡಿ ನೋಡುತ್ತಾಳೆ. ದಾರ ಸಡಿಲವಿದ್ದರೆ ತಿರುಪು ಬಿಗಿ ಮಾಡಿ ಮತ್ತೊಂದು ಗೆರೆ. ಹಬ್ಬದ ದಿನವೂ, ಜ್ವರ ಬಂದ ದಿನವೂ ಇದು ತಪ್ಪಿಲ್ಲ.

“ಮೊದಲ ನನ್ನ ಹೊಲಿಗಿ ನಾ ನೋಡ್ಕೋಬೇಕು. ಆಮ್ಯಾಲ ಮಂದಿ ಬಟ್ಟಿ ಮುಟ್ಟಬೇಕು” ಎನ್ನುತ್ತಾಳೆ.

ಆಕೆಯ ಗಂಡ ದೇವೀಂದ್ರಪ್ಪ ಒಂದು ಕಾಲಕ್ಕೆ ಮಟಕಿ ಊರಿನ ಕಬಡ್ಡಿ ತಂಡದಲ್ಲಿ ಆಡುತ್ತಿದ್ದವನು. ಮೊಣಕಾಲು ಕೆಟ್ಟ ಮೇಲೆ ಆತ ಆಟದ ಸುದ್ದಿಗೇ ಹೋಗಲಿಲ್ಲ. ನೋಡುವ ಚಟ ಮಾತ್ರ ಹೆಂಡತಿಗೆ ಉಳಿಯಿತು. ತಂಡದ ಹಸಿರು ಅಂಗಿಗಳನ್ನು ಹದಿನೆಂಟು ವರ್ಷಗಳಿಂದ ಹೊಲಿಯುತ್ತಿರುವವಳೂ ಆಕೆಯೇ. ಹಸಿರನ್ನು ಯಾರೂ ಆರಿಸಿದ್ದಲ್ಲ. ಮೊದಲ ವರ್ಷ ಆಳಂದದ ಅಂಗಡಿಯಲ್ಲಿ ಶಾಲೆಯ ಲಂಗಕ್ಕೆ ತರಿಸಿ ಉಳಿದ ಬಟ್ಟೆ ಅಗ್ಗಕ್ಕೆ ಸಿಕ್ಕಿತ್ತು, ಅಷ್ಟೆ. ಈಗ ಮೈದಾನದಲ್ಲಿ ಆ ಬಣ್ಣ ಕಂಡರೆ ಊರವರು ಎದ್ದು ನಿಲ್ಲುತ್ತಾರೆ.

ಈ ವರ್ಷ ಅಫಜಲಪುರದ ಹತ್ತಿರ ಹವಳಗಾದಲ್ಲಿ, ಕಿವಿ ಕೇಳದ ಮಕ್ಕಳ ಶಾಲೆಯೊಂದಕ್ಕೆ ನೆರವಾಗಲೆಂದು ಪಂದ್ಯಾವಳಿ ಇಟ್ಟಿದ್ದರು. ಒಬ್ಬ ದಾನಿ ಎಲ್ಲ ತಂಡಗಳಿಗೂ ಅಂಗಿ ಕಳಿಸಿದರು. ಅವನ್ನೇ ತೊಟ್ಟು ಆಡಬೇಕು ಎಂದು ಚೀಟಿಯೂ ಬಂತು. ಎಲ್ಲವೂ ಒಂದೇ ಹಳದಿ. ಎದೆಯ ಮೇಲೆ ದಾನಿಯ ಹೆಸರು, ಬೆನ್ನಿಗೆ ಅಂಕಿ. ಊರ ಹೆಸರು ಎಲ್ಲಿಯೂ ಇಲ್ಲ. ಎರಡು ತಂಡ ಎದುರುಬದುರು ನಿಲ್ಲುತ್ತವೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅಂಗಿಯ ಗಂಟು ಬಿಚ್ಚಿದ್ದು ಸಾಬವ್ವನ ಕಟ್ಟೆಯ ಮೇಲೆ. ಹಿಟ್ಟಿನ ಗಿರಣಿಯ ಜಗದೇವ ಒಂದನ್ನು ಎತ್ತಿ ನೋಡಿ, “ಇದು ಹಾಕ್ಕೊಂಡ್ರ ನಾ ಯಾರಿಗಿ ಚಪ್ಪಾಳಿ ಹೊಡೀಲಿ?” ಎಂದು ಕೇಳಿದ.

“ನೀ ಹೆಂಗೂ ತಪ್ಪ ಟೈಮಿಗೇ ಹೊಡೀತಿ ಬಿಡು” ಎಂದ ಅವನ ಗೆಳೆಯ ಧರ್ಮರಾಜ. “ಫುಕಟ್ ಬಂದಿದ್ದಕ್ಕ ಬಣ್ಣ ನೋಡ್ತಾರೇನಲೇ? ಮಕ್ಕಳ ಶಾಲಿ ಸಲುವಾಗಿ ಅಂದಮ್ಯಾಲ ಹಾಕ್ಕೋಬೇಕು.”

“ಶಾಲಿಗಿ ಬ್ಯಾಡ ಅಂದೆನೇನು? ಎದಿ ತುಂಬ ಅವರ ಹೆಸರೇ ಇರಲಿ. ನಮ್ಮೂರಂದು ಒಂದು ಮೂಲ್ಯಾಗರ ಬ್ಯಾಡೇನು?”

ಸಾಬವ್ವ ಅಂಗಿಯೊಂದರ ಹೊಲಿಗೆಯನ್ನು ತಿರುಗಿಸಿ ನೋಡುತ್ತ ಇಬ್ಬರ ಮಾತೂ ಕೇಳಿದಳು. ಇಬ್ಬರ ಮಾತಿನಲ್ಲೂ ತಪ್ಪು ಕಾಣಲಿಲ್ಲವಂತೆ. “ಹಸರಂಗಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಒಂದಿನ ಆ ಮಕ್ಕಳ ಸಲುವಾಗಿ ಹಳದಿ ತೊಡ್ಲಿ” ಎಂದಳು.

ತೊಟ್ಟು ನೋಡಿದರೆ ತೋಳು ಮೊಣಕೈಗೆ ಇಳಿಯುತ್ತಿತ್ತು. ಅಷ್ಟು ಸಡಿಲ ತೋಳು ಎದುರಾಳಿಗೆ ಹಿಡಿಯಲು ಹಗ್ಗ ಕೊಟ್ಟ ಹಾಗೆ. ಆಕೆ ಎಲ್ಲ ಅಂಗಿಗಳ ತೋಳನ್ನೂ ಕತ್ತರಿಸಿ, ಮಡಚಿ, ಹೊಲಿದಳು. ಕಾರ್ಖಾನೆಯವರು ತೋಳಿನ ಅಂಚಿಗೆ ಎರಡು ಗೆರೆ ಹೊಲಿಗೆ ಹಾಕಿದ್ದರು, ಸಾಬವ್ವನದು ಒಂದೇ.

ಮಟಕಿ ಫೈನಲ್‌ಗೆ ಬಂತು. ಎದುರಿಗೆ ಜೇವರ್ಗಿ ಕಡೆಯ ಅಂದೋಲಾ. ಹನ್ನೊಂದು ವರ್ಷಗಳಿಂದ ಮಟಕಿಗೆ ಒಂದು ಗೆಲುವಿನ ಕಪ್ಪೂ ಬಂದಿರಲಿಲ್ಲ. ಎರಡೂ ಕಡೆ ಹಳದಿಯಾಗಿ ಜಗದೇವ ಎರಡು ಸಲ ಅಂದೋಲಾದ ಪಾಯಿಂಟಿಗೇ ಚಪ್ಪಾಳೆ ತಟ್ಟಿ ಬೈಸಿಕೊಂಡ.

ಕೊನೆಯ ರೇಡ್. ಮಟಕಿ ಒಂದು ಪಾಯಿಂಟ್ ಹಿಂದೆ. ನಾಯಕ ಅಜಯಕುಮಾರ ನುಗ್ಗಿ ಮೂವರನ್ನು ಮುಟ್ಟಿದ. ಅವರೆಲ್ಲ ಅವನ ಮೇಲೆ ಬಿದ್ದರು. ಹಳದಿ ರಾಶಿಯೊಳಗಿಂದ ಒಂದು ಕೈ ಚಾಚಿ ನಡುಗೆರೆ ಮುಟ್ಟಿತು. ಅಷ್ಟರಲ್ಲಿ ಸೀಟಿ ಆಯಿತು. ಕೈ ಅಜಯನದಾದರೆ ಕಪ್ ಮಟಕಿಗೆ, ಹಿಡಿದವರದಾದರೆ ಅಂದೋಲಾಕ್ಕೆ.

ಅಂಪೈರಿಗೂ ತಿಳಿಯಲಿಲ್ಲ. ಆ ಶಾಲೆಯ ಟೀಚರ್ ಸಂಘಮಿತ್ರಾ ಮೊಬೈಲಿನಲ್ಲಿ ಆಟ ಹಿಡಿದಿದ್ದರು. ನಿಲ್ಲಿಸಿ ನೋಡಿದರೆ ಕಾಣುವುದು ಒಂದು ಕೈ, ಜಗ್ಗಿ ಮುದುಡಿದ ಒಂದು ತೋಳು, ಅದೂ ಮಸಕು.

“ಕೈ ನಂದೇ ಸರ್” ಎಂದ ಅಜಯಕುಮಾರ. ಅವನಿಗೆ ಅನುಮಾನವೇ ಇರಲಿಲ್ಲ. “ಬೇಕಾದ್ರ ನಮ್ಮ ಸಾಬವ್ವ ಕಾಕೀನ್ನ ಕೇಳ್ರಿ. ನಮ್ಮ ತೋಳು ಹೊಲದಾಕಿ ಅಕೀನೆ.”

ಅಂದೋಲಾದ ನಾಯಕ ಭಗವಂತ ನಕ್ಕ. “ನಿಮ್ಮೂರಾಕಿ ನಿಂದೇ ಕೈ ಅಂತಾಳ. ಅದ್ಕ ಕೇಳಬೇಕೇನು?”

“ಮೊದಲ ಅವ್ರು ಹೇಳ್ಲಿ, ಆಮ್ಯಾಲ ಎರಡೂ ತೋಳು ನಾನೇ ನೋಡ್ತೇನಿ” ಎಂದರು ಅಂಪೈರ್.

ಸಾಬವ್ವ ನೋಡುವವರ ಸಾಲಿನಿಂದ ಎದ್ದು ಬಂದು ಮೊಬೈಲನ್ನು ಬೆಳಕಿಗೆ ಹಿಡಿದಳು. ದಿನಾ ಬೆಳಿಗ್ಗೆ ಚಿಂದಿ ಹಿಡಿಯುವಂತೆ ವಾರೆ ಮಾಡಿದಳು. ಮಟಕಿಯವರೆಲ್ಲ ಆಕೆಯ ಬಾಯಿಯನ್ನೇ ನೋಡುತ್ತಿದ್ದರು. ಮಸಕಿನಲ್ಲಿ ಕಾಣುತ್ತಿಲ್ಲ ಎಂದರೂ ನಡೆಯುತ್ತಿತ್ತು. ಒಂದು ಗಳಿಗೆ ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಆಮೇಲೊಂದು ದಿನ ಮಿಷನ್ನಿನ ಮುಂದೆ ಕೂತು ಗುಂಡಿ ಹಚ್ಚುತ್ತ ಆಕೆಯೇ ಹೇಳಿದಳು, ಮುಚ್ಚಿಡಲಿಲ್ಲ.

“ಇದು ಎರಡು ಗೆರಿ ಅದರಿ. ನನ್ನ ಹೊಲಿಗಿ ಅಲ್ಲ.”

ಅಂಪೈರ್ ಇಬ್ಬರ ತೋಳನ್ನೂ ಎಳೆದು ಹೋಲಿಸಿ, ಕೈ ಅಂದೋಲಾದ ಕಡೆ ಎತ್ತಿದರು.

ಅಜಯಕುಮಾರ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಆಕೆಯ ಕಡೆ ನೋಡದೆ ನಡೆದ. ಶಾಲೆಗಾಗಿ ಅಂಗಿ ತೊಡಬೇಕೆಂದಿದ್ದ ಧರ್ಮರಾಜನೇ, “ಒಂದಿನ ಕಣ್ಣ ಮಂಜಾಗಿದ್ರ ಏನ್ ಹೋಗ್ತಿತ್ತು ಕಾಕಿ?” ಎಂದು ಗೊಣಗಿ ತಮ್ಮೂರ ಟೆಂಪೋ ಹತ್ತಿದ.

ಸಾಬವ್ವ ಚೀಲ ಹಿಡಿದು ಟೆಂಪೋದ ಹಿಂದೆ ನಿಂತಳು. ಕೂಡಲು ಯಾರೂ ಸರಿಯಲಿಲ್ಲ. ಅದನ್ನು ನೋಡಿದ ಭಗವಂತ ಕಪ್ಪನ್ನು ಗೆಳೆಯನ ಕೈಗೆ ಕೊಟ್ಟು ಬಂದ.

“ಅವ್ವಾ, ನಮ್ಮ ಕ್ರೂಸರದಾಗ ಮುಂದಿನ ಸೀಟ್ ಖಾಲಿ ಅದರಿ. ಸುತ್ತಾದ್ರೂ ಆಗ್ಲಿ, ಮಟಕಿ ತನಕ ಬಿಟ್ಟು ಹೋಗ್ತೇವಿ. ಇವರು ದಾರಿ ತುಂಬ ಮಾರಿ ತಿರುವ್ಕೊಂಡೇ ಕೂಡ್ತಾರ. ಅವರ ನಡುವ ಹೆಂಗ ಹೋಗ್ತೀರಿ?”

“ಬ್ಯಾಡಪ್ಪ” ಎಂದಳು ಸಾಬವ್ವ, ಒಂದು ಕಾಲನ್ನು ಟೆಂಪೋದ ಮೆಟ್ಟಿಲ ಮೇಲಿಟ್ಟು. “ಗೆದ್ದವರ ಗಾಡ್ಯಾಗ ನಾ ಹೆಂಗ ಕೂಡ್ಲಿ? ಇವತ್ತ ನಾನೂ ಸೋತೇನಿ.”