ಪರವಾ ಎಂಬ ತಾರೀಖು

ಯಾರಾದರೂ ಯಾವುದನ್ನಾದರೂ ‘ಹಗುರ’ ಎಂದು ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ಹಗುರ ಮಾಡಲು ಒಳಗಿನಿಂದ ಏನನ್ನು ತೆಗೆದಿದ್ದಾರೆ? ಕಾಲೇಜಿನ ದಿನಗಳಲ್ಲಿ ರಾಯಬಾಗ, ಅಥಣಿ, ಕಾಗವಾಡ ಎಂದು ಚರ್ಚಾಸ್ಪರ್ಧೆಗಳಿಗೆ ಅಲೆದವಳು ನಾನು. ಎದುರಾಳಿಯ ವಿಶೇಷಣವನ್ನು ಮೊದಲು ಹಿಡಿ, ನಾಮಪದ ತಾನಾಗಿ ಬೀಳುತ್ತದೆ ಎಂದು ನಮಗೆ ಕಲಿಸಿದ್ದರು. ಹೀಗಾಗಿ, ಸಣ್ಣ ಪ್ರೋಗ್ರಾಂಗಳಿಗೆ ಹಗುರವಾದ ಡೇಟಾಬೇಸ್ ಒಂದಿದೆ, ಅದಕ್ಕೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಸಂಸಾರ ಒಂದೇ ಫೈಲಿನಲ್ಲಿ ಎಂದು ನಿಪ್ಪಾಣಿಯ ಗೆಳತಿ ಹೇಳಿದಾಗ ನಾನು ತಲೆಯಾಡಿಸಲಿಲ್ಲ.

ಪ್ರೋಗ್ರಾಂ ಬೇಕಾಗಿದ್ದು ನನ್ನ ಅಬಚಿಗೆ. ಅಬಚಿ ಎಂದರೆ ಅವ್ವನ ತಂಗಿ. ಭೋಜದಲ್ಲಿ ಮೂರು ಎಮ್ಮೆ ಕಟ್ಟಿದ್ದಾಳೆ. ಅವುಗಳಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆ ಇರುವುದು ನಮ್ಮ ಅಜ್ಜಿ ಸಾಕಿದ ಎಮ್ಮೆಯ ಮಗಳು. ಅಜ್ಜಿ ಹೋದ ಮೇಲೆ ತವರಿನಿಂದ ಅಬಚಿಯ ಪಾಲಿಗೆ ಬಂದದ್ದು ಅದೊಂದೇ ಜೀವ. ಒಂದು ಕರು ಹಾಕಿದ ಮೇಲೆ ಅದು ಮತ್ತೆ ಗಬ್ಬವಾಗಿರಲಿಲ್ಲ. ಎಮ್ಮೆಗೆ ಸುಮಾರು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ ಬರುತ್ತದೆ. ಆದರೆ ಈ ಎಮ್ಮೆ ಕೂಗುವುದಿಲ್ಲ, ಹಗ್ಗ ಜಗ್ಗುವುದಿಲ್ಲ. ಗಡಿಯ ಮಾತಿನಲ್ಲಿ ಅದನ್ನು ‘ಮುಕಾ ಮಾಜ’ ಅನ್ನುತ್ತಾರೆ, ಮೂಕ ಬೆದೆ. ದಿನ ಎಣಿಸಿಕೊಂಡು, ಹಿಂದೆ ಲೋಳೆ ಬೀಳುತ್ತದೆಯೇ ಎಂದು ನೋಡುತ್ತಲೇ ಕಾಯಬೇಕು. ಸರಿಯಾಗಿ ಆ ದಿನ ದನದ ಡಾಕ್ಟರು ಬಂದು ಗರ್ಭದ ಸೂಜಿ ಮಾಡಬೇಕು. ಒಂದು ದಿನ ತಪ್ಪಿದರೆ ಮತ್ತೆ ಮೂರು ವಾರ.

ಅಬಚಿಯ ಗಂಡ, ನಮ್ಮ ಕಾಕಾ, ಮೊದಲೇ ಕರಾರು ಹಾಕಿದ್ದ. “ಮೂರ ಸಲ ಸೂಜಿ ಮಾಡಸೂಣು. ಮೂರೂ ಸಲ ತಿರುಗಿತು ಅಂದ್ರ ಸಂತಿಗಿ. ಆಮ್ಯಾಲ ಅಳಬ್ಯಾಡ ಮತ್ತ.” ತಿರುಗುವುದು ಎಂದರೆ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬರುವುದು. ಯಾವ ಸಲ ಯಾವ ದಿನ ಎಂಬುದರ ಮೇಲೆ ಗಂಡ ಹೆಂಡಿರ ನಡುವೆ ಜಗಳ ತಪ್ಪಿದ್ದಲ್ಲ. ಹವ್ಯಾಸಕ್ಕೆ ಪ್ರೋಗ್ರಾಂ ಬರೆಯುವ ನಾನು, ಯಾರೂ ಕರೆಯದಿದ್ದರೂ ತೀರ್ಪುಗಾರ್ತಿಯ ಕುರ್ಚಿಯಲ್ಲಿ ಕುಳಿತೆ. ಅಬಚಿಯ ಮೊಬೈಲಿನಲ್ಲಿ ಕೂರುವ ಒಂದು ದಾಖಲೆ ಬರೆಯುತ್ತೇನೆ ಅಂದೆ.

ಡೇಟಾಬೇಸ್ ಯಾವುದು ಎಂಬ ವಾದ ನಡೆದದ್ದು ನಿಪ್ಪಾಣಿಯಲ್ಲಿ. ಗೆಳತಿ ಅಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನನ್ನ ಪಕ್ಷ ದೊಡ್ಡ ಡೇಟಾಬೇಸಿನದು: ಬೇರೆ ಯಂತ್ರದಲ್ಲಿ ಕೂತು, ಬಂದವರನ್ನೆಲ್ಲ ತಡೆದು ವಿಚಾರಿಸಿ ಒಳಗೆ ಬಿಡುವಂಥದು.

“ಎಷ್ಟ ಎಮ್ಮಿ ಅದಾವಲೇ?” ಅಂದಳು.

“ಮೂರು.”

“ಮೂರ ಎಮ್ಮಿಗೆ ಸರ್ವರ್ ಇಡತಿ? ಆ ಸರ್ವರ್ ಸಾಕಾಕ ನಾಲ್ಕನೇ ಎಮ್ಮಿ ಕಟ್ಟಬೇಕಾಗತೈತಿ ನೋಡ ನಿಮ್ಮ ಅಬಚಿ.”

“ಕರೆಂಟ್ ಹೋದ್ರ? ಬರಿಯೋ ಹೊತ್ತಿಗೆ ಮೊಬೈಲ್ ಸತ್ರ? ಒಂದ ಫೈಲ್ ಅಂತಿ, ಫೈಲ್ ಹೋದ್ರ ಎಲ್ಲಾ ಹೋದಂಗ.”

“ಭೋಜದ ಗ್ವಾದಲ್ಯಾಗ ಇಂಟರ್ನೆಟ್ ಐತೇನ? ಇಲ್ಲ. ಅಂದಮ್ಯಾಗ ನಿನ್ನ ಸರ್ವರ್ ಯಾರ ಜೋಡಿ ಮಾತಾಡತೈತಿ, ಎಮ್ಮಿ ಜೋಡಿ?”

ಉತ್ತರವಿಲ್ಲದಾಗ ಪರೀಕ್ಷೆ ಕೇಳಬೇಕು, ಅದೂ ಚರ್ಚೆಯ ವಿದ್ಯೆಯೇ. ಒಂದು ಹಳೆಯ ಮೊಬೈಲ್ ತಂದು, ಪ್ರೋಗ್ರಾಂ ಫೈಲಿಗೆ ಬರೆಯುತ್ತಿರುವಾಗಲೇ ಬ್ಯಾಟರಿ ಕಿತ್ತೆ. ಮತ್ತೆ ಹಾಕಿದೆ, ಮತ್ತೆ ಕಿತ್ತೆ. ಬೆರಳಿನ ಉಗುರು ಮುರಿಯಿತು, ಫೈಲು ಮುರಿಯಲಿಲ್ಲ. ಇಷ್ಟು ಸಾಧು ಸ್ವಭಾವವೇ ನನಗೆ ಅನುಮಾನ ತಂದಿತು. ತಾರೀಖು ಬರೆಯಬೇಕಾದ ಅಂಕಣದಲ್ಲಿ ‘ಹಾಗಲಕಾಯಿ’ ಎಂದು ಬರೆದೆ. ತಗೊಂಡಿತು. ಒಂದು ಮಾತು ಇಲ್ಲ, ಎಚ್ಚರಿಕೆ ಇಲ್ಲ. ತಾರೀಖಿನ ಸಾಲಿನಲ್ಲಿ ಹಾಗಲಕಾಯಿ ಮರ್ಯಾದೆಯಿಂದ ಕೂತಿತು.

“ನೋಡಿದ್ಯಾ? ಇದು ಹೂಂ ಅನ್ನೋದನ್ನ ಬಿಟ್ಟ ಬ್ಯಾರೆ ಏನೂ ಕಲತಿಲ್ಲ!” ಎಂದು ಕುಣಿದೆ.

“ನೀ ಕೊಟ್ಟಿ, ಅದು ತಗೊಂತು. ಬಾಗಲದಾಗ ಕಾಯೋದು ನಿನ್ನ ಕೆಲಸ, ಅದರದಲ್ಲ” ಅಂದಳು.

ಇಂಟರ್ನೆಟ್ ಇಲ್ಲದ ಊರಿಗೆ ಬೇರೆ ದಾರಿ ಇರಲಿಲ್ಲ. ಒಂದೇ ಫೈಲಿನದನ್ನೇ ಆರಿಸಿದೆ, ಆದರೆ ಕಾವಲು ಹಾಕಿ. ಅಬಚಿಗೆ ಮೊಬೈಲಿನ ಕ್ಯಾಲೆಂಡರ್ ಒತ್ತಲು ಬೇಸರ. ಅವಳು ಬರೆಯುವುದು ಎರಡೆರಡೇ ಮಾತು: ‘ಮಾಜ ನಿನ್ನಿ’, ‘ಡಾಕ್ಟರ ಇವತ್ತ’. ಅದನ್ನು ಪ್ರೋಗ್ರಾಂ ತಾರೀಖಿಗೆ ತಿರುಗಿಸಬೇಕು. ಅವಳು ದಿನ ಹೇಳಲು ಬಳಸುವ ಮಾತುಗಳನ್ನು ಪಟ್ಟಿ ಮಾಡಿದೆ. ಇವತ್ತ ಅಂದರೆ ಇಂದು. ನಿನ್ನಿ ಅಂದರೆ ಒಂದು ದಿನ ಹಿಂದೆ. ಪರವಾ ಅಂದರೆ ಎರಡು ದಿನ ಹಿಂದೆ. ಪರವಾ ಮರಾಠಿ ಮಾತು. ಚಿಕ್ಕೋಡಿಯ ನಮ್ಮ ಮನೆಯಲ್ಲಿ ಮೊನ್ನಿ ಅನ್ನುತ್ತೇವೆ, ಭೋಜದಲ್ಲಿ ಕನ್ನಡದವರೂ ಪರವಾ ಅನ್ನುತ್ತಾರೆ. ‘ಪರವಾ ನಿಮ್ಮವ್ವ ಫೋನ್ ಮಾಡಿದ್ಳು’ ಎಂದು ಅಬಚಿ ಹೇಳುವುದನ್ನು ನೂರು ಸಲ ಕೇಳಿದ್ದೆ. ಈ ಮೂರು ಮಾತು ಬಿಟ್ಟು ಬೇರೇನು ಬಂದರೂ ಬಾಗಿಲು ಹಾಕುವಂತೆ ಮಾಡಿದೆ. ಜೊತೆಗೆ, ಅವಳು ಬರೆದ ಮಾತನ್ನು ಬರೆದ ಹಾಗೆಯೇ ಇನ್ನೊಂದು ಅಂಕಣದಲ್ಲಿ ಇಟ್ಟೆ. “ಒಂದ ವಿಷಯ ಎರಡ ಸಲ ಯಾಕ?” ಎಂದು ಗೆಳತಿ ನಕ್ಕಳು. ನಂಬಿಕೆ ಇಲ್ಲದವರು ರಸೀದಿಯ ಎರಡು ಪ್ರತಿ ಇಡುತ್ತಾರೆ, ಅಷ್ಟೇ.

ಎರಡು ತಿಂಗಳು ದಾಟಿದ ಮೇಲೆ ಒಂದು ಭಾನುವಾರ ಭೋಜಕ್ಕೆ ಹೋದೆ. ಅಂಗಳದಲ್ಲಿ ಕಬ್ಬಿನ ಎಲೆಯ ಮೇವು ಹರಡಿಕೊಂಡಿತ್ತು. ನಾಲ್ಕು ದಿನದ ಹಿಂದೆ ಎಮ್ಮೆ ಮತ್ತೆ ಬೆದೆಗೆ ಬಂದು ಹೋಗಿತ್ತು, ಆ ಭಾನುವಾರದ ಮಟ್ಟಿಗೆ ಅದೇ ಮನೆಯ ಸುದ್ದಿ.

“ಮೂರ ಸಲ ಆತು” ಅಂದ ಕಾಕಾ. “ಬುಧವಾರ ವ್ಯಾಪಾರಿ ಬರತಾನ. ಮಾತ ಅಂದ್ರ ಮಾತ.”

“ಎರಡ ಸಲ” ಅಂದಳು ಅಬಚಿ, ಮೇವು ಕತ್ತರಿಸುವುದನ್ನು ನಿಲ್ಲಿಸದೆ. “ಮೂರನೇದಕ್ಕ ಡಾಕ್ಟರ ಬಂದೇ ಇಲ್ಲ.”

“ನಿನಗ ಮುಂಜಾನಿ ಉಂಡದ್ದ ಸಂಜೀಕ ನೆನಪ ಇರೂದಿಲ್ಲ. ಇಕಿ ಮಷೀನ ಮಾಡ್ಯಾಳಲಾ? ಕೇಳೂಣು.”

ನಾನು ಅಬಚಿಯ ಮೊಬೈಲ್ ತೆಗೆದೆ. ಡಾಕ್ಟರು ಬಂದ ದಿನಗಳು ಮೂರು ಸಾಲು. ಮೂರನೆಯ ಸಾಲಿನ ತಾರೀಖು ಓದಿ ಹೇಳಿದೆ, ಅದು ಶನಿವಾರ.

“ಶನಿವಾರ?” ಅಬಚಿ ಕುಡುಗೋಲು ಕೆಳಗಿಟ್ಟಳು. “ಅವತ್ತ ಏನೂ ಆಗಿಲ್ಲಬೇ. ಅವತ್ತ ಇದಕ ಮಾಜ ಸೈತ ಇರಲಿಲ್ಲ.”

“ಬರದದ್ದು ನೀನ ಅಲ್ಲೇನು, ಅಬಚಿ?”

“ನಾನ ಬರದೇನಿ. ಆದ್ರ ಅವತ್ತ ಏನೂ ಆಗಿಲ್ಲ.”

ಈ ಉತ್ತರ ವೇದಿಕೆಯ ಮೇಲೆ ಸಿಕ್ಕಿದ್ದರೆ ನಾನು ಹಬ್ಬ ಮಾಡುತ್ತಿದ್ದೆ. ಅಂಗಳದಲ್ಲೂ ಮಾಡಿದೆ. ಬರೆದದ್ದು ತಾನೇ ಎಂದು ಒಪ್ಪುತ್ತೀ, ಬರೆದ ಸಂಗತಿ ನಡೆದಿಲ್ಲ ಅನ್ನುತ್ತೀ, ಇವೆರಡರಲ್ಲಿ ಒಂದನ್ನು ಬಿಡಬೇಕು ಅಂದೆ. ಎಮ್ಮೆಯ ಮೇಲಿನ ಮಾಯೆ ಮಮತೆ ನೆನಪನ್ನು ತಿದ್ದುತ್ತದೆ, ಬರವಣಿಗೆಗೆ ಮಾಯೆ ಇಲ್ಲ ಅಂದೆ. ಕಾಕಾ ತೊಡೆ ತಟ್ಟಿದ. ಅಬಚಿ ನನ್ನ ಮುಖ ನೋಡಿದಳು.

“ಭಾಳ ಶಾಣ್ಯಾಕಿ ಆಗೀಯಲ್ಲಾ ಖೋಡಿ” ಅಂದಳು. “ನಿಮ್ಮ ಅಜ್ಜಿ ಇದ್ದಿದ್ರ ನಿನ್ನ ಬಾಯಾಗ ಇದ ಮೇವ ತುರಕತಿದ್ಳು.”

ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಮಾಡಲಿಲ್ಲ. ಗೆದ್ದ ಮೇಲೆ ಸಾಕ್ಷಿ ಕರೆಸುವ ಅಭ್ಯಾಸ ನನಗಿರಲಿಲ್ಲ.

ಮಂಗಳವಾರ ಚಿಕ್ಕೋಡಿಯಲ್ಲಿ, ಊಟದ ಬಿಡುವಿನಲ್ಲಿ, ಅಬಚಿಯ ಮೊಬೈಲಿನಿಂದ ಭಾನುವಾರ ತಂದಿದ್ದ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದೆ. ಮೊದಲ ಸೂಜಿಯಿಂದ ಎರಡನೆಯದಕ್ಕೆ ಇಪ್ಪತ್ತೊಂದು ದಿನ. ಎರಡನೆಯದರಿಂದ ಮೂರನೆಯದಕ್ಕೆ ಹದಿನೇಳು. ಹದಿನೇಳು? ‘ಅವತ್ತ ಮಾಜ ಸೈತ ಇರಲಿಲ್ಲ’ ಎಂದ ಅಬಚಿಯ ಮಾತು ಕಿವಿಯಲ್ಲಿ ಚುಚ್ಚಿತು.

ಆಗಲೂ ನಾನು ಅನುಮಾನಿಸಿದ್ದು ಡೇಟಾಬೇಸನ್ನೇ. ಹಗುರದ್ದು, ಎಲ್ಲೋ ಸಾಲು ಹಾಳಾಗಿರಬೇಕು. ಫೈಲು ಸರಿಯಿದೆಯೇ ಎಂದು ತಪಾಸಣೆ ಮಾಡುವ ಆಜ್ಞೆ ಕೊಟ್ಟೆ. ಸರಿಯಿದೆ ಅಂದಿತು. ನಂಬದೆ ಮತ್ತೆ ಕೊಟ್ಟೆ. ಮತ್ತೆ ಸರಿಯಿದೆ. ಕೊನೆಗೆ ಗೆಳತಿ ನಕ್ಕ ಆ ಎರಡನೆಯ ಅಂಕಣ ತೆರೆದೆ. ಆ ಶನಿವಾರ ಕಳೆದು ಎರಡು ದಿನಕ್ಕೆ, ಸೋಮವಾರ, ಅಬಚಿ ಬರೆದ ಮಾತು ಅಲ್ಲಿತ್ತು: ‘ಡಾಕ್ಟರ ಪರವಾ’.

ಫೋನ್ ಮಾಡಿದೆ.

“ಅಬಚಿ, ಪರವಾ ಅಂದ್ರ ಯಾವಾಗ?”

“ಇದೇನ ಕೇಳತಿ, ಕೆಲಸ ಇಲ್ಲೇನ ನಿನಗ? ಪರವಾ ಅಂದ್ರ ಪರವಾ.”

“ಹ್ವಾದದ್ದೋ, ಬರೋದೋ?”

“ಎರಡೂ! ಹ್ವಾದದ್ದೂ ಪರವಾ, ಬರೋದೂ ಪರವಾ. ಮಾತ ಕೇಳಿದ್ರ ತಿಳೀತೈತಿ ಯಾವದಂತ.”

“ಡಾಕ್ಟರ ಪರವಾ ಅಂತ ಬರದಿಯಲ್ಲಾ...”

“ಬುಧವಾರ ಮಾಜಿಗಿ ಬರತೈತಿ ಅಂತ ಸೋಮವಾರನ ಫೋನ್ ಹಚ್ಚಿದ್ದೆ. ಪರವಾ ಬರತೀನಿ ಅಂದ್ರು. ಮರೀಬಾರದಂತ ಬರದಿಟ್ಟೆ. ಬುಧವಾರ ಅವರಿಗೆ ಬ್ಯಾರೆ ಊರಾಗ ಕರು ಅಡ್ಡಾಗೈತಿ ಅಂತ ಫೋನ್ ಬಂತು, ಅಲ್ಲಿಗಿ ಹ್ವಾದ್ರು. ಇದನ್ನ ಹೇಳಾಕ ಬಂದ್ರ ನೀ ಎಲ್ಲಿ ಬಿಟ್ಟಿ? ಮಾಯಿ ಅಂತ, ಬರವಣಿಗಿ ಅಂತ...”

ಫೋನ್ ಕೆಳಗಿಟ್ಟೆ. ಹಾಗಲಕಾಯಿಯನ್ನು ತಾರೀಖು ಎಂದು ಒಪ್ಪಿದ್ದಕ್ಕೆ ಡೇಟಾಬೇಸನ್ನು ಬೈದವಳು, ಬರುವ ಬುಧವಾರವನ್ನು ಹೋದ ಶನಿವಾರ ಮಾಡಿ ಅದರ ಕೈಗೆ ಕೊಟ್ಟಿದ್ದೆ. ಶುದ್ಧವಾದ, ಅಚ್ಚುಕಟ್ಟಾದ, ಸುಳ್ಳು ತಾರೀಖು. ನಾನು ಹಟ ಹಿಡಿದಿದ್ದ ಆ ಬಿಗಿ ಡೇಟಾಬೇಸಿಗೆ ಕೊಟ್ಟಿದ್ದರೂ ಸಲಾಮು ಹೊಡೆದು ಒಳಗೆ ಬಿಡುತ್ತಿತ್ತು. ವ್ಯಾಪಾರಿ ಬರುವುದು ಮರುದಿನ.

ಅರ್ಧ ದಿನ ರಜೆ ಹಾಕಿ ನಿಪ್ಪಾಣಿಯ ಬಸ್ಸು ಹಿಡಿದೆ, ಅಲ್ಲಿಂದ ಭೋಜ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಂಡನೆ ಸಿದ್ಧ ಮಾಡಿಕೊಂಡೆ: ಪೀಠಿಕೆ, ಮೂರು ಅಂಶ, ಉಪಸಂಹಾರ. ಕಾಕಾ ಗೋದಲಿಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಪೀಠಿಕೆ ಬಿಟ್ಟು ನೇರ ಉಪಸಂಹಾರಕ್ಕೆ ಬಂದೆ.

“ಕಾಕಾ, ಎರಡ ಸಲ. ಅಬಚಿ ಹೇಳಿದ್ದ ಖರೆ. ನಾ ತಪ್ಪ ಮಾಡೇನಿ.”

“ಮಷೀನ ಮೂರ ಅಂತಲಾ?”

“ಮಷೀನಿಗೆ ಹಂಗ ಹೇಳಿಕೊಟ್ಟಾಕಿ ನಾನ.”

ಪರವಾದ ಕತೆ ಹೇಳಿದೆ. ಅವನು ಪೂರ್ತಿ ನಂಬಲಿಲ್ಲ. ಅನುಮಾನಿಸುವುದನ್ನು ನಾನೇ ಕಲಿಸಿಕೊಟ್ಟಿದ್ದೆನಲ್ಲ. “ಅಬಚಿ ಭಾಂಚಿ ಕೂಡಿ ಏನರೆ ಹೂಡೀರೇನ?” ಎಂದು ಕೇಳಿದ. ಭಾಂಚಿ ಎಂದರೆ ಅಕ್ಕನ ಮಗಳು. ಕೋಪ ಬರಬೇಕಿತ್ತು, ಆದರೆ ಪ್ರಶ್ನೆ ನ್ಯಾಯವಾದದ್ದೇ. ಭಾನುವಾರವೇ ಮಾಡಬೇಕಿದ್ದ ಫೋನನ್ನು ಈಗ ಡಾಕ್ಟರಿಗೆ ಹಚ್ಚಿ, ಸ್ಪೀಕರ್ ಹಾಕಿ ಅವನ ಮುಂದಿಟ್ಟೆ.

“ಬಂದಿಲ್ರಿ” ಅಂದರು ಡಾಕ್ಟರು. “ಅವತ್ತ ನಂದ ತಪ್ಪಾತ್ರಿ, ಬರತೀನಿ ಅಂದು ಬರಾಕ ಆಗಲಿಲ್ಲ. ನಿಮ್ಮನಿಯವರು ಎರಡ ಸಲ ಫೋನ್ ಮಾಡಿದ್ರು.”

ಕಾಕಾ ಹೊಸೆಯುತ್ತಿದ್ದ ಹಗ್ಗ ಬದಿಗಿಟ್ಟ. ಆಮೇಲೆ ವ್ಯಾಪಾರಿಗೆ ಫೋನ್ ಮಾಡಿ, ನಾಳೆ ಬರಬೇಡ ಅಂದ. ಕಾರಣ ಹೇಳಲಿಲ್ಲ. ಅಬಚಿಯ ಕಡೆ ತಿರುಗಿ, “ಒಂದ ಸಲ ಉಳದೈತಿ. ಒಂದ” ಎಂದು ಬೆರಳು ತೋರಿಸಿದ.

ಅಬಚಿ ನನಗೆ ಚಹಾ ಕೊಟ್ಟಳು. ಹೊರಡುವಾಗ ನಾನೇ ಕೇಳಿದೆ, “ಆ ಮೂರನೇ ಸಾಲ ಅಳಸಿಬಿಡಲೇನ?”

“ಬ್ಯಾಡ” ಅಂದಳು. “ಇರಲಿ. ನನ್ನ ಎಮ್ಮಿಗೆ ಏನ ಮಾಡಾಕ ಹೊಂಟಿದ್ದೀ ಅಂತ ಅದರಾಗ ಐತಿ. ಇನ್ನ ಮುಂದ ನನ್ನ ಮಾತ ಕೇಳೂದಿದ್ರ ಫೋನ್ ಮಾಡಿ ಕೇಳ, ಮಷೀನಿಗೆ ಕೇಳಬ್ಯಾಡ.”

ಉಳಿದಿದ್ದ ಆ ಒಂದು ಸಲಕ್ಕೆ ನಾನೂ ಹೋಗಿದ್ದೆ. ಡಾಕ್ಟರು ಹೇಳಿದ ಹೊತ್ತಿಗೆ ಬಂದರು. ಆಮೇಲಿನ ಇಪ್ಪತ್ತೊಂದನೆಯ ದಿನ ಅಬಚಿ ಬೆಳಗಿನಿಂದ ಎಮ್ಮೆಯ ಹಿಂದೆಯೇ ಕೂತಿದ್ದಳಂತೆ. ಬೆದೆ ಬರಲಿಲ್ಲ. ಎರಡೂವರೆ ತಿಂಗಳ ಮೇಲೆ ಡಾಕ್ಟರು ಮೊಣಕೈ ದಾಟುವವರೆಗೆ ಕೈ ಹಾಕಿ ನೋಡಿ, “ಗಬ್ಬ ಐತ್ರಿ” ಅಂದರು. ಇನ್ನೊಮ್ಮೆ ನೋಡಿ ಹೇಳ್ರಿ ಎಂದು ನಾನು ಕೇಳಿದೆ. ಅವರು ಬೈಯದೆ ಇನ್ನೊಮ್ಮೆ ಕೈ ಹಾಕಿದರು. ಅಬಚಿ ಎಮ್ಮೆಯ ಕೊರಳು ಹಿಡಿದು ನಿಂತಿದ್ದಳು. ಈ ಸಲ ಅವರು ಬಾಯಿ ತೆರೆಯುವ ಮೊದಲೇ ಅಳತೊಡಗಿದಳು.