ಕಿತ್ತಳೆಯನ್ನು ಹಸಿರೆಂದವಳು

ಗಾಜಿನ ಕೊಳವೆಯಲ್ಲಿ ಕುದಿದ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಾನು ಹಸಿರು ಎಂದೆ. ಒಂದು ದಿನವಲ್ಲ, ಏಳು ತಿಂಗಳು ಹಾಗೆಯೇ ಅಂದೆ. ನನ್ನ ಮಾತನ್ನು ನಂಬಿದವರು ನನ್ನ ಯಜಮಾನರು. ಅವರು ಹೋಗಿ ಒಂದು ವರ್ಷವಾಯಿತು. ಅವರ ಎದುರು ಬಾಯಿಗೆ ಬಾರದೆ ಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ಆ ಸುಳ್ಳು ಶುರುವಾಗುವ ಹಿಂದಿನ ದಿನ ಎಲ್ಲ ದಿನಗಳ ಹಾಗೆಯೇ ಇತ್ತು. ಇವರು ಐದಕ್ಕೆ ಎದ್ದು ವಿಭೂತಿ ಹಚ್ಚಿಕೊಂಡರು. ನಾನು ಸ್ಪಿರಿಟ್ ದೀಪ ಹಚ್ಚಿ, ಸಕ್ಕರೆ ನೋಡುವ ನೀಲಿ ಔಷಧಿಗೆ ಇವರ ಮೂತ್ರದ ಎಂಟು ಹನಿ ಹಾಕಿ, ಮರದ ಇಕ್ಕಳದಲ್ಲಿ ಕೊಳವೆ ಹಿಡಿದು ಕಾಯಿಸಿದೆ. “ಗೌರಾ, ಯಾವ ಬಣ್ಣ?” ಎಂದರು. “ಹಸಿರು ಕಣ್ರೀ” ಎಂದೆ. ನಿಜವಾಗಿಯೂ ಹಸಿರೇ ಇತ್ತು. ಹಾಗಲಕಾಯಿ ರಸ ಕುಡಿದು, ಬರಿಗಾಲಲ್ಲಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟರು.

ಇವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ನಿವೃತ್ತರಾದ ವರ್ಷವೇ ಸಕ್ಕರೆ ಕಾಯಿಲೆ ಗೊತ್ತಾಯಿತು. “ಮೂರು ತಿಂಗಳು ಪಥ್ಯ ಮಾಡಿ, ನಡೀರಿ ಮೇಷ್ಟ್ರೇ. ದಿನಾ ಬಣ್ಣ ನೋಡ್ಕೊಳ್ಳಿ. ನೀಲಿ, ಹಸಿರು ಇದ್ರೆ ಪರವಾಗಿಲ್ಲ. ಅಲ್ಲಿಗೆ ಇಳಿದ ಮೇಲೆ ಮತ್ತೆ ಹಳದಿ, ಕಿತ್ತಳೆಗೆ ಹೋದ್ರೆ ಅವತ್ತೇ ಬನ್ನಿ, ಮಾತ್ರೆ ಶುರು ಮಾಡೋಣ” ಎಂದಿದ್ದರು ಡಾಕ್ಟರು.

ಆದರೆ ಹುಟ್ಟಿನಿಂದಲೂ ಇವರ ಕಣ್ಣಿಗೆ ಹಸಿರೂ ಕಿತ್ತಳೆಯೂ ಒಂದೇ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ದೇವರಾಜ ಮಾರುಕಟ್ಟೆಯಿಂದ ಹಣ್ಣಿನ ಜೊತೆ ಕಾಯಿ ಟೊಮೆಟೊ ಸೇರಿಸಿ ತರುತ್ತಿದ್ದರು. ಸ್ಕೂಲಿನ ಕ್ರೀಡಾಕೂಟದಲ್ಲಿ ಕೆಂಪು ಪಟ್ಟಿ ಕಟ್ಟಿದ ಹುಡುಗರನ್ನು ಹಸಿರು ತಂಡದ ಸಾಲಿನಲ್ಲಿ ನಿಲ್ಲಿಸಿ, ಸೀಟಿ ಊದಿದ ಮೇಲೆ ತಾವೇ ನಗುತ್ತಿದ್ದರು. ಮದುವೆಯಾದಾಗಿನಿಂದ ಇವರಿಗೆ ಬಣ್ಣ ಹೇಳುವವಳು ನಾನು. ಅದು ನನಗೆ ಸೇವೆ ಅನ್ನಿಸುತ್ತಿರಲಿಲ್ಲ, ಪದವಿ ಅನ್ನಿಸುತ್ತಿತ್ತು.

ಮೂರೇ ತಿಂಗಳಲ್ಲಿ ಇಟ್ಟಿಗೆ ಕೆಂಪು ಇದ್ದದ್ದು ಹಸಿರಿಗೆ ಬಂತು. ಎರಡು ವರ್ಷ ಅಲ್ಲಿಯೇ ನಿಂತಿತು. ಇದು ಸುಳ್ಳಲ್ಲ. ರಾಗಿಮುದ್ದೆ, ಸೊಪ್ಪಿನ ಸಾರು, ನೆನೆಸಿದ ಮೆಂತ್ಯ, ಸಪ್ಪೆ ಕಾಫಿ — ಒಂದು ದಿನವೂ ಇವರು ಮುಖ ಸಿಂಡರಿಸಲಿಲ್ಲ. ಅರವತ್ತು ದಾಟಿದವರು ಸಾವಿರ ಮೆಟ್ಟಿಲು ಹತ್ತಿ ಇಳಿದು, ಎಂಟು ಗಂಟೆಗೆ ಸೊಪ್ಪಿನ ಕಟ್ಟು ಹಿಡಿದು ಮನೆಗೆ ಬರುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ.

ವಿದ್ಯಾರಣ್ಯಪುರಂನ ನಮ್ಮ ಪಾರ್ಕಿನಲ್ಲಿ ನಿವೃತ್ತರ ಸಂಘವೊಂದಿತ್ತು. ಅಲ್ಲಿ ಇವರ ಗೆಳೆಯ ನಂಜಪ್ಪನವರು, ಬಸ್ ಡಿಪೋದಿಂದ ನಿವೃತ್ತರಾದವರು, ರೇಗಿಸುತ್ತಿದ್ದರು: “ನಮ್ ಮೇಷ್ಟ್ರು ಮಾತ್ರೆ ಕಂಪ್ನಿಗೇ ಬೀಗ ಹಾಕ್ಸ್ತಾರೆ ಕಣ್ರೀ.” ಇವರು ಜೊತೆಗೆ ಹೋಗಿರುತ್ತಿದ್ದ ನನ್ನ ಕಡೆ ಕೈ ತೋರಿಸುತ್ತಿದ್ದರು: “ಬೀಗದ ಕೈ ಅಲ್ಲಿದೆ ನೋಡಿ, ನಮ್ಮನೆ ಅಡಿಗೆಮನೇಲಿ.” ಬೀದಿಯ ಹೆಂಗಸರು ನನ್ನ ಹತ್ತಿರ ಸಾರಿನ ಹದ ಕೇಳಿಕೊಂಡು ಬರುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ನನ್ನನ್ನು ಕೇಳಿಕೊಂಡು ಯಾರೂ ಯಾವತ್ತೂ ಬಂದಿರಲಿಲ್ಲ.

ಮೊದಲು ಹೇಳಿದ ಆ ಹಿಂದಿನ ದಿನ ಮಧ್ಯಾಹ್ನ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ಎಲೆಯ ಮುಂದೆ ಇವರು ಒಬ್ಬಟ್ಟಿಗೆ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದವಳು ನಾನು. “ಇವತ್ತೊಂದಿನ ಪಥ್ಯಕ್ಕೆ ರಜ ಕೊಟ್ಬುಡಿ ಮೇಷ್ಟ್ರೇ” ಎಂದೆ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ತುಪ್ಪ ಹಾಕಿಸಿಕೊಂಡು ಎರಡು ತಿಂದರು.

ಮಾರನೆಯ ಬೆಳಿಗ್ಗೆ ಕೊಳವೆಯಲ್ಲಿ ಕಿತ್ತಳೆ. ಅವತ್ತೇ ಸಂಜೆ ಸಂಘದಲ್ಲಿ ಇವರ ಮಾತಿತ್ತು — ಮಾತ್ರೆಯಿಲ್ಲದೆ ಸಕ್ಕರೆ ಗೆದ್ದ ಬಗೆ. “ಗೌರಾ, ಯಾವ ಬಣ್ಣ?”

ನನ್ನ ಒಬ್ಬಟ್ಟಿನ ತಪ್ಪು, ನಾಳೆ ಇಳಿಯುತ್ತದೆ ಅಂದುಕೊಂಡೆ. ಹಸಿರು ಎಂದೆ. ಸಂಜೆ ಇವರು ಎಷ್ಟು ಚೆನ್ನಾಗಿ ಮಾತನಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ನನ್ನನ್ನೂ ಎದ್ದು ನಿಲ್ಲುವಂತೆ ಹೇಳಿದರು. ನಿಂತೆ.

ಮರುದಿನವೂ ಬಣ್ಣ ಇಳಿಯಲಿಲ್ಲ. ಒಂದು ದಿನ ಹಳದಿ, ಒಂದು ದಿನ ಕಿತ್ತಳೆ. ಒಬ್ಬಟ್ಟು ಅಷ್ಟು ದಿನ ಮೈಯಲ್ಲಿ ಇರುವುದಿಲ್ಲ ಎಂದು ನನಗೆ ಗೊತ್ತಾಗದೆ ಇರಲಿಲ್ಲ — ಕಾಯಿಲೆ ತಾನಾಗಿಯೇ ಮುಂದಕ್ಕೆ ಹೋಗಿತ್ತು. ಡಾಕ್ಟರ ಹತ್ತಿರ ಹೋಗುವ ಬದಲು ನಾನು ಮುದ್ದೆ ಸಣ್ಣದು ಮಾಡಿದೆ. ಅನ್ನ ನಿಲ್ಲಿಸಿದೆ. ಹಾಗಲಕಾಯಿ ಹೆಚ್ಚಿಸಿದೆ. ಇವರು ಇಳಿದುಹೋದರು, ಪ್ಯಾಂಟಿನ ಸೊಂಟ ಎರಡು ಸಲ ಹಿಡಿದು ಹೊಲಿದೆ. “ಹುಡುಗ ಆಗ್ಬುಟ್ರಲ್ಲ ಮೇಷ್ಟ್ರೇ” ಎಂದರು ನಂಜಪ್ಪನವರು. ಬಾಯಾರಿಕೆ ಜಾಸ್ತಿ ಕಣೇ ಎಂದು ಇವರು ಹೇಳಿದಾಗ ಬಿಸಿಲು ಅಲ್ವಾ ಎಂದೆ.

ಇವರ ಹೆಮ್ಮೆ ಮುರಿಯಬಾರದು ಎಂದು ಸುಳ್ಳು ಹೇಳಿದೆ — ಎಷ್ಟೋ ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡೆ. ಅದೂ ಸುಳ್ಳೇ. ಇವರು ಮಾತ್ರೆ ನುಂಗಿಕೊಂಡೂ ತಲೆ ಎತ್ತಿ ನಡೆಯುವವರು. ಮುರಿಯಬಾರದು ಎಂದು ನಾನು ಕಾಪಾಡಿಕೊಂಡದ್ದು ನನ್ನ ಅಡಿಗೆಮನೆಯ ಹೆಸರನ್ನು.

ಏಳನೆಯ ತಿಂಗಳು ಮೆಟ್ಟಿಲಿನ ಕಲ್ಲು ತಾಗಿ ಎಡಗಾಲಿನ ಬೆರಳು ಒಡೆಯಿತು. ಇವರಿಗೆ ನೋವೇ ಗೊತ್ತಾಗಿರಲಿಲ್ಲ, ನೆಲದ ಮೇಲೆ ರಕ್ತದ ಗುರುತು ನೋಡಿದವಳು ನಾನು. ಅರಿಸಿನ ಹಚ್ಚಿದೆ. ಮೂರು ವಾರವಾದರೂ ಮಾಯಲಿಲ್ಲ, ಪಕ್ಕದ ಬೆರಳೂ ಕಪ್ಪಾಯಿತು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ಕೇಳಿದರು, “ಬಣ್ಣ ಬದಲಾಗಿ ಎಷ್ಟು ದಿನ ಆಯ್ತು?”

“ಬದಲಾಗೇ ಇಲ್ಲ ಡಾಕ್ಟ್ರೇ. ದಿನಾ ಹಸಿರೇ. ನಮ್ಮನೆಯೋಳು ನೋಡಿ ಹೇಳ್ತಾಳೆ.”

ಡಾಕ್ಟರು ನನ್ನ ಕಡೆ ತಿರುಗಿದರು. ಹೇಳಿಬಿಡಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನಾನು ಹೇಳಿದ್ದು — “ಆ ನೀಲಿ ಔಷಧಿ ಹಳೇದಾಗಿತ್ತೋ ಏನೋ.”

ಎರಡು ಬೆರಳು ತೆಗೆದರು.

ಊರುಗೋಲು ಹಿಡಿದು ಓಡಾಡುವಂತಾದ ಕೂಡಲೇ ಇವರು ಹೋದದ್ದು ಮೂಲೆಯ ಔಷಧಿ ಅಂಗಡಿಗೆ. “ಏನಯ್ಯಾ ಬಸವಣ್ಣ, ನಿನ್ನ ಬಾಟ್ಲಿ ನನ್ನ ಎರಡು ಬೆರಳು ತಿಂದ್ಬುಡ್ತಲ್ಲಯ್ಯ” ಎಂದು ಗಿರಾಕಿಗಳ ಮುಂದೆಯೇ ಬೈದರು. ಬಸವಣ್ಣ ಹೊಸ ಬಾಟಲಿ ತೆಗೆದುಕೊಟ್ಟ. ನಾನು ಅಂಗಡಿಯ ಮೆಟ್ಟಿಲ ಹತ್ತಿರ ನಿಂತಿದ್ದೆ.

ಮನೆಗೆ ಬಂದು ಅತ್ತುಬಿಟ್ಟೆ. “ಯಾಕೆ ಅಳ್ತೀಯೆ? ನಿನ್ನ ತಪ್ಪೇನಿದೆ ಇದರಲ್ಲಿ?” ಎಂದರು ಇವರು.

ಆಮೇಲೆ ಇವರು ಒಂಬತ್ತು ವರ್ಷ ಬದುಕಿದರು. ಮಾತ್ರೆ ಶುರುವಾಯಿತು, ಪಥ್ಯ ಬಿಡಲಿಲ್ಲ. ಬೂಟಿನ ತುದಿಗೆ ಹತ್ತಿ ತುರುಕಿಕೊಂಡು ಮೊದಲು ಪಾರ್ಕು ಸುತ್ತಿದರು, ಆಮೇಲೆ ಬೆಟ್ಟದ ನಡುವಿನ ನಂದಿಯ ವಿಗ್ರಹದವರೆಗೆ, ಆರನೆಯ ತಿಂಗಳು ಬೆಟ್ಟದ ತುದಿಯವರೆಗೆ. ಸಂಘದಲ್ಲಿ ಮತ್ತೆ ಎದ್ದು ನಿಂತು ಮಾತನಾಡಿದರು: “ನಡೆಯೋದು ಬಿಡಬೇಡಿ. ಮಾತ್ರೆಗೂ ನಾಚ್ಕೋಬೇಡಿ. ಮಾತ್ರೆ ತಗೊಂಡೋನು ಸೋತೋನಲ್ಲ ಕಣ್ರಪ್ಪ. ಬಾಟ್ಲಿ ನಂಬಿ ಕೂತ್ಕೋಬೇಡಿ, ರಕ್ತ ತೋರ್ಸಿ.” ಮರುವಾರವೇ ನಂಜಪ್ಪನವರು ಹೋಗಿ ತೋರಿಸಿಕೊಂಡರು. ಕಾಯಿಲೆ ಸಿಕ್ಕಿತು, ಮಾತ್ರೆ ತೆಗೆದುಕೊಂಡರು, ಇವತ್ತಿಗೂ ಪಾರ್ಕಿಗೆ ಬರುತ್ತಾರೆ. ನನ್ನ ಸುಳ್ಳಿನ ಮೇಲೆಯೇ ಇವರು ಅಷ್ಟು ಒಳ್ಳೆಯ ಪಾಠ ಕಟ್ಟಿದರು. ಆದರೆ ಪ್ರತಿ ಸಲವೂ ಬಾಟಲಿಯನ್ನೇ ದೂರಿದರು. ಪ್ರತಿ ಸಲವೂ ನಾನು ಕೇಳಿಸಿಕೊಂಡು ಕೂತೆ.

ಮನೆಯಲ್ಲೇ ರಕ್ತ ನೋಡುವ ಯಂತ್ರ ಬಂದಾಗ ಡಾಕ್ಟರು ತೆಗೆದುಕೊಳ್ಳಿ ಎಂದರು. ಇವರು ಲ್ಯಾಬಿಗೆ ತಿಂಗಳಿಗೊಮ್ಮೆ ತಪ್ಪದೆ ಹೋದರು, ಯಂತ್ರ ಮಾತ್ರ ಬೇಡವೆಂದರು. “ಮನೇಲಿ ನೋಡೋಕೆ ಗೌರ ಇದಾಳಲ್ಲ.” ಆ ಒಂಬತ್ತು ವರ್ಷ ನಾನು ಕಂಡ ಬಣ್ಣವನ್ನೇ ಹೇಳಿದೆ. ಅದು ಮೊದಲಿನದಕ್ಕೆ ಪರಿಹಾರವಲ್ಲ.

ಹೋದ ವರ್ಷ ಇವರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಎದೆ ನಿಂತಿತು ಎಂದರು.

ತಿಥಿ ಕಳೆದ ಮೇಲೆ ಬಸವಣ್ಣನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನು ಕಟ್ಟುತ್ತಿದ್ದ ಪೊಟ್ಟಣ ಕೆಳಗಿಟ್ಟ. “ಬಾಟ್ಲಿ ಚೆನ್ನಾಗಿತ್ತು ಅಂತ ನಂಗೊತ್ತಿತ್ತು ಅಮ್ಮ. ಅವತ್ತು ನೀವು ಮೆಟ್ಟಿಲ ಹತ್ರ ಸೆರಗು ಹಿಂಡ್ತಾ ನಿಂತಿದ್ರಿ.”

“ಮತ್ತೆ ಯಾಕಪ್ಪ ಬೈಸ್ಕೊಂಡೆ?”

“ಮೇಷ್ಟ್ರು ನನ್ನ ಬೈದ್ರೆ ಅಂಗಡಿ ಬಾಗ್ಲೇನೂ ಮುಚ್ಚಲ್ಲ. ನಿಮ್ಮನ್ನ ಬೈಬೇಕಾಗಿ ಬಂದಿದ್ರೆ…” ಎಂದು ಅಷ್ಟಕ್ಕೇ ನಿಲ್ಲಿಸಿದ. ಸಮಾಧಾನ ಹೇಳಲು ಅಂದದ್ದು. ನನಗೆ ಸಮಾಧಾನವಾಗಲಿಲ್ಲ.

ಬರುವ ಭಾನುವಾರ ಸಂಘದಲ್ಲಿ ಇವರ ಹೆಸರಿನಲ್ಲಿ ಎಲ್ಲರೂ ಸೇರುತ್ತಾರೆ. ಇದನ್ನು ಅಲ್ಲಿ ನಾನೇ ಓದುತ್ತೇನೆ. ತಪ್ಪು ಬಸವಣ್ಣನ ಬಾಟಲಿಯದ್ದಲ್ಲ, ಪಥ್ಯದ್ದೂ ಅಲ್ಲ ಎಂದು ಅವರಿಗೆಲ್ಲ ತಿಳಿಯಬೇಕು. ಇವರಿಗೆ ತಿಳಿಸುವ ಕಾಲ ಮುಗಿಯಿತು.

ಕೊಳವೆ, ದೀಪ, ಅರ್ಧ ಬಾಟಲಿ ನೀಲಿ ಔಷಧಿ ಅಡಿಗೆಮನೆಯ ಗೂಡಿನಲ್ಲಿ ಹಾಗೆಯೇ ಇವೆ. ಐದು ಗಂಟೆಗೆ ನನಗೆ ಈಗಲೂ ಎಚ್ಚರವಾಗುತ್ತದೆ. ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ.